ಎಲ್ಲಿ ನಿಲ್ಲಿಸಬೇಕು: ಸ್ಟೀವ್ ಕ್ರಾಪರ್ ಅವರ ಗಿಟಾರ್ ನಾದ



ಗಿಟಾರ್ ಬಗ್ಗೆ ಮಾತು ಬಂದಾಗಲೆಲ್ಲ ನಾವು ವೇದಿಕೆಯ ನಡುವೆ ನಿಂತು, ಕಣ್ಣು ಮುಚ್ಚಿ, ಹತ್ತು ನಿಮಿಷ ಒಂದೇ ಸಮನೆ ನುಡಿಸುವವರನ್ನೇ ನೆನೆಯುತ್ತೇವೆ. ನಾನು ಇಂದು ಆರಿಸಿಕೊಂಡಿರುವವರು ಹಾಗೆ ನುಡಿಸಿದ್ದು ಬಹಳ ಅಪರೂಪ. ಸ್ಟೀವ್ ಕ್ರಾಪರ್ ಹುಟ್ಟಿದ್ದು 1941ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದಲ್ಲಿ. ಬೆಳೆದದ್ದು ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ. 1960ರ ದಶಕದುದ್ದಕ್ಕೂ ಆ ಊರಿನ ಸ್ಟ್ಯಾಕ್ಸ್ ಎಂಬ ಧ್ವನಿಮುದ್ರಣ ಸಂಸ್ಥೆಯ ಕಾಯಂ ಗಿಟಾರ್ ವಾದಕರು ಅವರು. ಓಟಿಸ್ ರೆಡಿಂಗ್, ವಿಲ್ಸನ್ ಪಿಕೆಟ್, ಸ್ಯಾಮ್ ಅಂಡ್ ಡೇವ್, ಎಡ್ಡಿ ಫ್ಲಾಯ್ಡ್, ಆಲ್ಬರ್ಟ್ ಕಿಂಗ್ ಇವರ ಹಾಡುಗಳನ್ನು ಕೇಳಿದ್ದರೆ ಕ್ರಾಪರ್ ಅವರನ್ನೂ ಕೇಳಿರುತ್ತೀರಿ. ಹೆಸರು ಗೊತ್ತಿರದೆ ಇರಬಹುದು.

ಅವರ ಟೋನ್ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಸಾಮಾನು ಸಂಗ್ರಹಿಸುವವರು ಗಿಟಾರ್, ಆಂಪ್, ಸ್ಪೀಕರ್‌ಗಳ ಮಾದರಿ ಸಂಖ್ಯೆ ಹೇಳುತ್ತಾರೆ. ಉಳಿದವರು ಎಲ್ಲವೂ ಬೆರಳಿನಲ್ಲಿದೆ ಎಂದು ಮಾತು ಮುಗಿಸುತ್ತಾರೆ. ಎರಡೂ ನನಗೆ ಸಾಲದು. ನಾದ ಎಂದೊಡನೆ ನಾವು ಬಣ್ಣದ ಬಗ್ಗೆ ಯೋಚಿಸುತ್ತೇವೆ: ಹೊಳಪು, ಮಬ್ಬು, ಬಿಸುಪು, ಒರಟು. ಕ್ರಾಪರ್ ಅವರ ನಾದದ ಮುಖ್ಯ ಗುಣ ಇರುವುದು ಉದ್ದದಲ್ಲಿ. ಒಂದು ಸ್ವರ ಎಷ್ಟು ಹೊತ್ತು ಬದುಕಬೇಕು, ಯಾವ ಕ್ಷಣದಲ್ಲಿ ಸಾಯಬೇಕು ಎಂಬ ತೀರ್ಮಾನದಲ್ಲಿ. ಅವರ ಕೈಯಲ್ಲಿದ್ದ ಸಾಮಾನು, ಅವರು ಕೂತಿದ್ದ ಕೋಣೆ, ಅವರ ಮುಂದೆ ಓಡುತ್ತಿದ್ದ ಟೇಪು ಎಲ್ಲವೂ ಆ ತೀರ್ಮಾನದ ಕಡೆಗೇ ಅವರನ್ನು ತಳ್ಳಿದವು. ಇದನ್ನು ಸಾಧಿಸಿ ತೋರಿಸಲು ಯತ್ನಿಸುತ್ತೇನೆ.

ಮೊದಲು ಕೋಣೆ. ಜಿಮ್ ಸ್ಟೀವರ್ಟ್ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು, ಹಳ್ಳಿಗಾಡಿನ ಕಂಟ್ರಿ ಸಂಗೀತದ ಫಿಡಲ್ ವಾದಕರು. 1957ರಲ್ಲಿ ಸ್ಯಾಟಲೈಟ್ ಎಂಬ ಹೆಸರಿನಲ್ಲಿ ರೆಕಾರ್ಡ್ ಸಂಸ್ಥೆ ಶುರುಮಾಡಿದರು. ಅವರ ಅಕ್ಕ ಎಸ್ಟೆಲ್ ಆಕ್ಸ್‌ಟನ್ ತಮ್ಮ ಮನೆಯನ್ನೇ ಅಡವಿಟ್ಟು ಆಂಪೆಕ್ಸ್ ಟೇಪ್ ರೆಕಾರ್ಡರ್ ಕೊಡಿಸಿದರು. ಆ ಹೆಂಗಸಿನ ಧೈರ್ಯವನ್ನು ನಾನು ಗಿಟಾರ್‌ಗಿಂತ ಮೊದಲು ನೆನೆಯಬೇಕು. 1960ರಲ್ಲಿ ಅವರು ಮೆಂಫಿಸ್‌ನ 926, ಈಸ್ಟ್ ಮೆಕ್‌ಲೆಮೋರ್ ಅವೆನ್ಯೂದಲ್ಲಿದ್ದ ಕ್ಯಾಪಿಟಲ್ ಎಂಬ ಮುಚ್ಚಿದ ಚಿತ್ರಮಂದಿರವನ್ನು ಬಾಡಿಗೆಗೆ ಹಿಡಿದರು. ಮರುವರ್ಷ ಅಕ್ಕತಮ್ಮಂದಿರ ಅಡ್ಡಹೆಸರುಗಳ ಮೊದಲಕ್ಷರಗಳು ಸೇರಿ ಸ್ಟ್ಯಾಕ್ಸ್ ಆಯಿತು. ಕುರ್ಚಿಗಳನ್ನು ಕಿತ್ತರು, ಆದರೆ ಪ್ರೇಕ್ಷಕರಿಗಾಗಿ ಇಳಿಜಾರಾಗಿ ಕಟ್ಟಿದ್ದ ನೆಲವನ್ನು ಸಮ ಮಾಡಲು ಹಣವಿರಲಿಲ್ಲ. ತೆರೆ ಇದ್ದ ಜಾಗದಲ್ಲಿ, ವೇದಿಕೆಯ ಮೇಲೆ, ನಿಯಂತ್ರಣ ಕೊಠಡಿ ಬಂತು. ಪ್ರತಿಧ್ವನಿ ತಗ್ಗಿಸಲು ಪರದೆಗಳನ್ನು ಇಳಿಬಿಟ್ಟರು. ಎತ್ತರದ ಸೂರು, ಓರೆ ನೆಲ, ಎದುರುಬದುರಾಗದ ಮೇಲ್ಮೈಗಳು. ಅಲ್ಲಿ ಹೊಡೆದ ಡ್ರಮ್ಮು ಕೋಣೆಯನ್ನೆಲ್ಲ ಸುತ್ತಿಕೊಂಡು ಬಂದು ಗಿಟಾರ್‌ನ ಮೈಕಿನಲ್ಲೂ ಕೇಳಿಸುತ್ತಿತ್ತು.

ಈಗ ಗಿಟಾರ್. ಆರಂಭದ ವರ್ಷಗಳಲ್ಲಿ ಕ್ರಾಪರ್ ಹಿಡಿದದ್ದು ಫೆಂಡರ್ ಕಂಪನಿಯ ಎಸ್ಕ್ವೈರ್. 1960ರ ದಶಕ ಮುಂದುವರಿದಂತೆ ಅದರ ಒಡಹುಟ್ಟಾದ ಟೆಲಿಕಾಸ್ಟರ್. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದಲ್ಲಿ 1950ರ ಸುಮಾರಿಗೆ ಈ ಗಿಟಾರ್‌ಗಳನ್ನು ರೂಪಿಸಿದಾಗ ಅವರ ಕಣ್ಣಿದ್ದದ್ದು ಸುಲಭವಾಗಿ ತಯಾರಾಗುವ, ಸುಲಭವಾಗಿ ರಿಪೇರಿಯಾಗುವ ವಾದ್ಯದ ಮೇಲೆ. ಟೊಳ್ಳಿಲ್ಲದ ಒಂದು ಹಲಗೆ, ಅದಕ್ಕೆ ನಾಲ್ಕು ಸ್ಕ್ರೂ ಹಾಕಿ ಬಿಗಿದ ಮೇಪಲ್ ಕತ್ತು, ತಂತಿಗಳು ಕೊನೆಗೊಳ್ಳುವ ಕಡೆ ಒಂದು ಲೋಹದ ತಟ್ಟೆ, ಅಂದರೆ ಬ್ರಿಡ್ಜ್. ಆ ತಟ್ಟೆಯಲ್ಲೇ ಓರೆಯಾಗಿ ಕೂರಿಸಿದ, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್. ಟೆಲಿಕಾಸ್ಟರ್‌ಗೆ ಎರಡು ಪಿಕಪ್. ಎಸ್ಕ್ವೈರ್‌ಗೆ ಈ ಒಂದೇ. ತಂತಿ ಬಿಗಿಯಾಗಿರುವ ಬ್ರಿಡ್ಜ್ ಬಳಿ ಕುಳಿತ ಪಿಕಪ್ಪಿಗೆ ತಂತಿಯ ದೊಡ್ಡ ತೂಗಾಟ ಸಿಗುವುದಿಲ್ಲ, ಸಣ್ಣ ಸಣ್ಣ ಕಂಪನಗಳೇ ಹೆಚ್ಚು ಸಿಗುತ್ತವೆ. ಹಾಗಾಗಿ ಆ ಧ್ವನಿಯಲ್ಲಿ ಬಾಸ್ ಕಡಿಮೆ, ಅಂಚು ಹೆಚ್ಚು. ಎಸ್ಕ್ವೈರ್‌ನ ಮೂರು ನೆಲೆಯ ಸ್ವಿಚ್ಚಿನಲ್ಲಿ ಒಂದು ನೆಲೆ ಟೋನ್ ಗುಂಡಿಯನ್ನೇ ಬಳಸಿ ದಾಟಿ ಪಿಕಪ್ಪಿನ ಸದ್ದನ್ನು ನೇರವಾಗಿ ಹೊರಕ್ಕೆ ಬಿಡುತ್ತದೆ. ಈ ವಾದ್ಯದಲ್ಲಿ ಅಡಗಿಕೊಳ್ಳಲು ಜಾಗವಿಲ್ಲ. ತಪ್ಪು ಬೆರಳಿಟ್ಟರೆ ತಪ್ಪೇ ಕೇಳುತ್ತದೆ.

ಸದ್ದನ್ನು ಹಿಗ್ಗಿಸುವ ಆಂಪ್ ಇನ್ನೂ ಸಾದಾ. ಫೆಂಡರ್ ಹಾರ್ವರ್ಡ್ ಎಂಬ ಪುಟ್ಟ ಪೆಟ್ಟಿಗೆ. ಸುಮಾರು 10 ವ್ಯಾಟ್, 10 ಇಂಚಿನ ಒಂದೇ ಸ್ಪೀಕರ್, ಒಂದು ವಾಲ್ಯೂಮ್ ಗುಂಡಿ, ಒಂದು ಟೋನ್ ಗುಂಡಿ. ಪ್ರತಿಧ್ವನಿಯ ರಿವರ್ಬ್ ಇಲ್ಲ, ಅಲುಗಿಸುವ ಟ್ರೆಮೊಲೋ ಇಲ್ಲ. ಅದೇ ಕಂಪನಿ 1960ರ ದಶಕದಲ್ಲಿ ಮಾರಿದ ಟ್ವಿನ್ ರಿವರ್ಬ್‌ನ ಶಕ್ತಿ ಇದರ ಎಂಟು ಪಟ್ಟು. ಮನೆಯಲ್ಲಿ ಕಲಿಯುವ ಹುಡುಗರಿಗೂ ಸಣ್ಣ ಕೂಟಗಳಿಗೂ ಸಾಕಾಗುವ ಆಂಪ್ ಇದು. ಇಷ್ಟು ಸಣ್ಣ ವಾಲ್ವ್ ಆಂಪನ್ನು ಡ್ರಮ್ಮಿನ ಪಕ್ಕದಲ್ಲಿ ಕೇಳಿಸುವಷ್ಟು ಏರಿಸಿದರೆ ಎರಡು ಸಂಗತಿ ನಡೆಯುತ್ತವೆ. ಜೋರಾಗಿ ಮೀಟಿದಾಗ ಸದ್ದಿನ ಮೊದಲ ಏಟು ಸ್ವಲ್ಪ ಒತ್ತಿಕೊಂಡು, ತುದಿ ಮೊಂಡಾಗಿ, ದಪ್ಪವಾಗುತ್ತದೆ. ಮೆಲ್ಲಗೆ ಮೀಟಿದಾಗ ತಿಳಿಯಾಗಿಯೇ ಉಳಿಯುತ್ತದೆ. ಹತ್ತಿಂಚಿನ ಸ್ಪೀಕರ್ ತೀರ ಕೆಳಗಿನ ಸ್ವರಗಳನ್ನು ಕೊಡಲಾರದು, ತೀರ ಮೇಲಿನ ಕಿರಿಚಲನ್ನೂ ತಾನೇ ಕತ್ತರಿಸಿಹಾಕುತ್ತದೆ. ಎಸ್ಕ್ವೈರ್‌ನ ಅಂಚು, ಹಾರ್ವರ್ಡ್‌ನ ಕಡಿತ ಇವೆರಡೂ ಸೇರಿ ಉಳಿಯುವುದು ನಡುಭಾಗದ ಒಂದು ಕಿರಿದಾದ ಪಟ್ಟಿ. ಬಾಸ್ ಗಿಟಾರ್‌ನ ಮೇಲೆ, ಹಾರ್ನ್‌ಗಳ ಬದಿಗೆ, ಹಾಡುಗಾರನ ಬಾಯಿಗೆ ಅಡ್ಡವಾಗದಂತೆ.

ಈ ಪಟ್ಟಿಯ ಬೆಲೆ ತಿಳಿಯಬೇಕಾದರೆ ಟೇಪಿನ ಬಗ್ಗೆ ಹೇಳಬೇಕು. 1960ರ ದಶಕದ ಮಧ್ಯಭಾಗದವರೆಗೂ ಸ್ಟ್ಯಾಕ್ಸ್‌ನಲ್ಲಿ ಇದ್ದದ್ದು ಒಂದೇ ಟ್ರ್ಯಾಕಿನ ಯಂತ್ರ. ಇಂದಿನ ಸ್ಟುಡಿಯೋದಲ್ಲಿ ಗಿಟಾರ್ ಜಾಸ್ತಿಯಾದರೆ ನಾಳೆ ತಗ್ಗಿಸಬಹುದು, ಬೇಡವೆಂದರೆ ಅಳಿಸಬಹುದು. ಅಲ್ಲಿ ಗಾಯಕ, ಡ್ರಮ್ಮು, ಬಾಸು, ಆರ್ಗನ್, ಹಾರ್ನು, ಗಿಟಾರು ಎಲ್ಲವೂ ಒಮ್ಮೆಗೇ, ಒಂದೇ ಗೆರೆಯ ಮೇಲೆ ಬೀಳುತ್ತಿದ್ದವು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ. ಸಮತೋಲ ಮಾಡುವ ಗುಂಡಿ ಸಾಕಷ್ಟು ಮಟ್ಟಿಗೆ ವಾದಕನ ಕೈಯಲ್ಲೇ ಇತ್ತು. ಎರಡು ಸಾಲುಗಳ ನಡುವೆ ಗಿಟಾರ್ ಸ್ವರವೊಂದು ಅರ್ಧ ಕ್ಷಣ ಹೆಚ್ಚು ಎಳೆದರೆ ಗಾಯಕನ ಮುಂದಿನ ಪದದ ಮೊದಲಕ್ಷರ ಮಸುಕಾಗುತ್ತದೆ, ಆಮೇಲೆ ಯಾರೂ ಸರಿಮಾಡಲಾಗದು. ಚೆನ್ನಾದ ಪಕ್ಕವಾದ್ಯಗಾರರು ಕಛೇರಿಯಲ್ಲಿ ಗಾಯಕರ ಉಸಿರಿಗೆ ಜಾಗ ಬಿಡುವುದನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ಅದು ಸಂಸ್ಕಾರ. ಸ್ಟ್ಯಾಕ್ಸ್‌ನ ಕೋಣೆಯಲ್ಲಿ ಅದು ಯಂತ್ರ ಹೇರಿದ ಶಿಸ್ತಾಗಿ ಶುರುವಾಯಿತು. ಕ್ರಾಪರ್ ಅವರ ದೊಡ್ಡಸ್ತಿಕೆ ಏನೆಂದರೆ ಯಂತ್ರ ಬದಲಾದ ಮೇಲೂ ಆ ಶಿಸ್ತನ್ನು ಅವರು ಬಿಡಲಿಲ್ಲ.

ಇದೇ ಕಾಲದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯಲ್ಲಿ ಬೇರೆಯೇ ಪದ್ಧತಿ ಇತ್ತು. ಅಲ್ಲಿ ರಾಬರ್ಟ್ ವೈಟ್, ಎಡ್ಡಿ ವಿಲ್ಲಿಸ್, ಜೋ ಮೆಸ್ಸಿನಾ ಎಂಬ ಮೂವರು ಗಿಟಾರ್ ವಾದಕರು ಕೆಲಸ ಹಂಚಿಕೊಂಡು ನುಡಿಸುತ್ತಿದ್ದರು. ಗಿಟಾರ್‌ಗಳನ್ನು ಆಂಪಿನ ಮುಂದೆ ಮೈಕಿಟ್ಟು ಹಿಡಿಯುವ ಬದಲು ತಂತಿಯ ಮೂಲಕ ನೇರವಾಗಿ ಮುದ್ರಣ ಯಂತ್ರಕ್ಕೆ ಕಳಿಸುತ್ತಿದ್ದರು. ಹಾಗಾಗಿ ಮೋಟೌನ್ ಗಿಟಾರ್ ನುಣುಪು, ಅಚ್ಚುಕಟ್ಟು. ಸ್ಟ್ಯಾಕ್ಸ್‌ನಲ್ಲಿ ಒಬ್ಬರೇ ಮೂವರ ಕೆಲಸ ಮಾಡಬೇಕು. ಕಾರ್ಡನ್ನೂ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛವನ್ನೂ, ಹಿಡಿಯಬೇಕು, ತಾಳವನ್ನೂ ಕೊಡಬೇಕು, ಗಾಯಕನ ಮಾತಿಗೆ ಉತ್ತರವನ್ನೂ ಹೇಳಬೇಕು. ಮೂರನ್ನೂ ಮಾಡಿ ಕಿಕ್ಕಿರಿದಂತೆ ಕೇಳಿಸಬಾರದು ಎಂದಾದರೆ ಪ್ರತಿಯೊಂದನ್ನೂ ಮೊಟಕು ಮಾಡುವುದೇ ದಾರಿ. ಎರಡು ಊರುಗಳಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ ನನ್ನ ಒಲವು ಮೆಂಫಿಸ್ ಕಡೆಗೆ. ಅಲ್ಲಿ ಗಾಳಿ ಕೇಳಿಸುತ್ತದೆ.

1962ರ ‘ಗ್ರೀನ್ ಆನಿಯನ್ಸ್’ ತೆಗೆದುಕೊಳ್ಳಿ. ಬೇರೊಬ್ಬ ಗಾಯಕನ ಮುದ್ರಣಕ್ಕೆಂದು ಸೇರಿದ ವಾದಕರು ಬಿಡುವಿನಲ್ಲಿ ನುಡಿಸುತ್ತ ಕೂತಾಗ ಮುದ್ರಣವಾದ ವಾದ್ಯಕೃತಿ ಇದು. ಆರ್ಗನ್‌ನಲ್ಲಿ ಬುಕರ್ ಟಿ. ಜೋನ್ಸ್, ಆಗ ಅವರಿಗೆ 17 ವರ್ಷ. ಬಾಸ್‌ನಲ್ಲಿ ಲೂಯಿ ಸ್ಟೈನ್‌ಬರ್ಗ್, ಡ್ರಮ್ಮಿನಲ್ಲಿ ಅಲ್ ಜಾಕ್ಸನ್ ಜೂನಿಯರ್, ಗಿಟಾರ್‌ನಲ್ಲಿ ಕ್ರಾಪರ್. ಮುಂದೆ ಸ್ಟೈನ್‌ಬರ್ಗ್ ಜಾಗಕ್ಕೆ ಡೊನಾಲ್ಡ್ ‘ಡಕ್’ ಡನ್ ಬಂದರು. ಬುಕರ್ ಟಿ. ಅಂಡ್ ದಿ ಎಂಜೀಸ್ ಎಂಬ ಹೆಸರಿನಲ್ಲಿ ಹೊರಬಂದ ಆ ರೆಕಾರ್ಡು ಅಮೆರಿಕದ ಜನಪ್ರಿಯ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು. ಆರ್ಗನ್ ಒಂದೇ ಸಮನೆ ಸುತ್ತುತ್ತಿರುತ್ತದೆ. ಆರ್ಗನ್ ಸ್ವರಕ್ಕೆ ಸಾವಿಲ್ಲ, ಬೆರಳು ಎತ್ತುವವರೆಗೂ ಅದು ಅಷ್ಟೇ ಗಟ್ಟಿ. ಅದರ ಪಕ್ಕದಲ್ಲಿ ಕ್ರಾಪರ್ ಹಾಕುವುದು ಚುಚ್ಚುಗಳನ್ನು. ಒಂದು ಏಟು, ತಕ್ಷಣ ಮೌನ. ಏಕವಾದನದ ಸರದಿ ಬಂದಾಗಲೂ ಅವರು ಸಾಲುಗಟ್ಟಲೆ ಮಾತಾಡುವುದಿಲ್ಲ. ಒಂದು ತುಣುಕು ಹೇಳುತ್ತಾರೆ, ಬಿಡುತ್ತಾರೆ, ಇನ್ನೊಂದು ಹೇಳುತ್ತಾರೆ. ಪುಟ್ಟ ಆಂಪಿನ ಏದುಸಿರು ಅಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ದೊಡ್ಡ ಆಂಪಿನಲ್ಲಿ ಅದೇ ಸ್ವರಗಳು ತಣ್ಣಗೆ ಬೀಳುತ್ತಿದ್ದವು.

ಸ್ವರವನ್ನು ಮೊಟಕು ಮಾಡುವ ಕೆಲಸ ಹೇಗೆ ನಡೆಯುತ್ತದೆ ಎಂಬುದು ನುಡಿಸುವವರಿಗೆ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ಎಡಗೈ ಬೆರಳುಗಳು ಕಾರ್ಡನ್ನು ಒತ್ತಿ ಹಿಡಿದಿರುತ್ತವೆ. ಬಲಗೈ ಮೀಟಿದ ಮರುಗಳಿಗೆ ಎಡಗೈ ಸಡಿಲವಾಗಬೇಕು, ಆದರೆ ತಂತಿಯನ್ನು ಬಿಟ್ಟು ಮೇಲೇಳಬಾರದು. ತಂತಿ ಪಟ್ಟಿಯಿಂದ ಎದ್ದು ಬೆರಳಿಗೆ ತಾಗಿಕೊಂಡೇ ನಿಂತಾಗ ಸದ್ದು ಅಲ್ಲೇ ಆರಿಹೋಗುತ್ತದೆ. ಕ್ರಾಪರ್ ಈ ಕತ್ತರಿಕೆಯನ್ನು ಎರಡನೆಯ ಮತ್ತು ನಾಲ್ಕನೆಯ ಮಾತ್ರೆಯ ಮೇಲೆ, ಅಲ್ ಜಾಕ್ಸನ್ ಅವರ ಸ್ನೇರ್ ಡ್ರಮ್ಮಿನ ಏಟಿನ ಜೊತೆಗೇ ಇಡುತ್ತಿದ್ದರು. ಎರಡು ಸದ್ದುಗಳು ಅಷ್ಟು ಬಿಗಿಯಾಗಿ ಬೆಸೆದುಕೊಳ್ಳುತ್ತವೆ ಎಂದರೆ ಎಷ್ಟೋ ಹಾಡುಗಳಲ್ಲಿ ನಮಗೆ ಗಿಟಾರ್ ಇದೆ ಎಂದೇ ಅನಿಸುವುದಿಲ್ಲ. ಸ್ನೇರ್‌ಗೆ ಒಂದು ಶ್ರುತಿ ಇದೆ ಎನಿಸುತ್ತದೆ. ಇಲ್ಲಿ ಎಸ್ಕ್ವೈರ್‌ನ ಅಂಚಿಗೆ ಅರ್ಥ ಬರುತ್ತದೆ. ಮೆತ್ತಗಿನ ಜಾಝ್ ಗಿಟಾರ್ ಇಟ್ಟುಕೊಂಡು ಇದನ್ನು ಮಾಡಿದರೆ ಡ್ರಮ್ಮಿನ ಏಟಿನೊಳಗೆ ಅದು ಕರಗಿಹೋಗುತ್ತದೆ.

1965ರ ಮೇ ತಿಂಗಳಲ್ಲಿ ಕ್ರಾಪರ್ ಮತ್ತು ಜಾಕ್ಸನ್ ಜೋಡಿಗೆ ಹೊಸದೊಂದು ಪಾಠ ಸಿಕ್ಕಿತು. ವಿಲ್ಸನ್ ಪಿಕೆಟ್ ಅವರನ್ನು ಅಟ್ಲಾಂಟಿಕ್ ಸಂಸ್ಥೆಯ ಜೆರ್ರಿ ವೆಕ್ಸ್ಲರ್ ಮೆಂಫಿಸ್‌ಗೆ ಕರೆತಂದಿದ್ದರು. ಪಿಕೆಟ್ ಮತ್ತು ಕ್ರಾಪರ್ ಲೊರೇನ್ ಮೋಟೆಲ್‌ನಲ್ಲಿ ಕುಳಿತು ‘ಇನ್ ದಿ ಮಿಡ್‌ನೈಟ್ ಅವರ್’ ಬರೆದರು. ಆರಂಭದ ಇಳಿಕೆಯನ್ನು ನೋಡಿದರೆ ಗಿಟಾರ್‌ನ ಕತ್ತೇ ಅದನ್ನು ರಚಿಸಿದಂತಿದೆ: ಒಂದೇ ಹಿಡಿತ, ಒಂದೇ ಮೇಜರ್ ಆಕಾರ, ಮೇಲಿನಿಂದ ಕೆಳಗೆ ಜಾರುತ್ತ ಬರುತ್ತದೆ. ಮುದ್ರಣದ ದಿನ ವೆಕ್ಸ್ಲರ್ ನಿಯಂತ್ರಣ ಕೊಠಡಿಯಿಂದ ಇಳಿದು ಬಂದು, ಆಗ ನ್ಯೂಯಾರ್ಕಿನ ಹುಡುಗರು ಕುಣಿಯುತ್ತಿದ್ದ ಜರ್ಕ್ ಎಂಬ ನೃತ್ಯವನ್ನು ತಾವೇ ಕುಣಿದು ತೋರಿಸಿದರು. ಎರಡನೆಯ ಮಾತ್ರೆಗೆ ಒತ್ತು ಬೀಳಬೇಕು ಎಂಬುದು ಅವರ ಬೇಡಿಕೆ. ಕ್ರಾಪರ್ ಮತ್ತು ಜಾಕ್ಸನ್ ಆ ಏಟನ್ನು ಕೂದಲೆಳೆಯಷ್ಟು ತಡಮಾಡಿ ಹಾಕತೊಡಗಿದರು. ಹಾಡು ನಿಧಾನವಾಗಲಿಲ್ಲ, ಆದರೆ ಪ್ರತಿ ಏಟೂ ಬರುವ ಮುನ್ನ ಕಿವಿ ಕಾಯುತ್ತದೆ. ತಡವಾಗಿ ಬಂದ ಏಟು ಬೇಗ ಮುಗಿಯಲೇಬೇಕು, ಇಲ್ಲವಾದರೆ ಮುಂದಿನ ಮಾತ್ರೆಯ ಮೇಲೆ ಹತ್ತಿಬಿಡುತ್ತದೆ. ತಡ ಮತ್ತು ಮೊಟಕು ಒಂದಕ್ಕೊಂದು ಅಂಟಿಕೊಂಡದ್ದು ಹೀಗೆ. ಅದರ ಮರುವರ್ಷ ಎಡ್ಡಿ ಫ್ಲಾಯ್ಡ್ ಜೊತೆಗೂಡಿ, ಅದೇ ಮೋಟೆಲ್‌ನಲ್ಲಿ, ಅದೇ ಆರಂಭವನ್ನು ತಿರುವುಮುರುವು ಮಾಡಿ ಮೇಲೇರಿಸಿ ‘ನಾಕ್ ಆನ್ ವುಡ್’ ಕಟ್ಟಿದರು.

ಲೊರೇನ್ ಮೋಟೆಲ್ ಹೆಸರು ಎರಡು ಸಲ ಬಂತು. ಜನಾಂಗಭೇದದ ಮೆಂಫಿಸ್‌ನಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಕೂತು ಊಟ ಮಾಡಿ ಹಾಡು ಬರೆಯಬಹುದಾಗಿದ್ದ ತೀರ ಕೆಲವೇ ಜಾಗಗಳಲ್ಲಿ ಅದೊಂದು. ಎಂಜೀಸ್ ತಂಡದಲ್ಲಿ ಜೋನ್ಸ್ ಮತ್ತು ಜಾಕ್ಸನ್ ಕರಿಯರು, ಕ್ರಾಪರ್ ಮತ್ತು ಡನ್ ಬಿಳಿಯರು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದದ್ದು ಅದೇ ಮೋಟೆಲ್‌ನ ಬಾಲ್ಕನಿಯಲ್ಲಿ. ಸ್ಟ್ಯಾಕ್ಸ್‌ನ ಒಳಗಿನ ನಂಟು ಆಮೇಲೆ ಮೊದಲಿನಂತೆ ಉಳಿಯಲಿಲ್ಲ. ಗಿಟಾರ್ ನಾದದ ಉಪನ್ಯಾಸದಲ್ಲಿ ಇದು ಯಾಕೆ ಎಂದು ಯಾರಾದರೂ ಕೇಳಬಹುದು. ಒಬ್ಬರ ಏಟನ್ನು ಇನ್ನೊಬ್ಬರು ಅಷ್ಟು ಹತ್ತಿರದಿಂದ ಆಲಿಸಿ ನುಡಿಸಿದ ಆ ಎರಡು ಕೈಗಳು ಆ ಊರಿನ ಅನೇಕ ಹೋಟೆಲುಗಳಲ್ಲಿ ಒಂದೇ ಮೇಜಿಗೆ ಕೂರುವಂತಿರಲಿಲ್ಲ ಎಂಬುದನ್ನು ಬಿಟ್ಟು ಆ ಸಂಗೀತವನ್ನು ನಾನು ಕೇಳಲಾರೆ.

ಕ್ರಾಪರ್ ಅವರ ಕಿವಿ ಪಳಗಿದ ಇನ್ನೊಂದು ಜಾಗವಿದೆ. ಚಿತ್ರಮಂದಿರದಲ್ಲಿ ತಿಂಡಿ ಮಾರುತ್ತಿದ್ದ ಮುಂಭಾಗವನ್ನು ಎಸ್ಟೆಲ್ ಆಕ್ಸ್‌ಟನ್ ರೆಕಾರ್ಡ್ ಅಂಗಡಿ ಮಾಡಿದರು. ಕ್ರಾಪರ್ ಅಲ್ಲಿ ಗಲ್ಲಾದ ಹಿಂದೆ ನಿಂತು ಕೆಲಸ ಮಾಡಿದವರು. ಸುತ್ತಲಿನ ಹುಡುಗರು ಬಂದು ಯಾವ ಹಾಡು ಕೇಳುತ್ತಾರೆ, ಯಾವ ಕ್ಷಣದಲ್ಲಿ ಕಾಲು ಕುಣಿಯುತ್ತದೆ, ಯಾವ ಹಾಡಿನ ನಡುವೆ ಗಮನ ಜಾರುತ್ತದೆ ಎಲ್ಲ ಕಣ್ಣೆದುರೇ ಇತ್ತು. ಅದೇ ಮನುಷ್ಯ ಒಳಗೆ ಹೋಗಿ ಗಿಟಾರ್ ಹಿಡಿಯುತ್ತಿದ್ದರು, ಹಾಡು ಬರೆಯುತ್ತಿದ್ದರು, ಮುದ್ರಣದ ಗುಂಡಿಗಳ ಮುಂದೂ ಕೂರುತ್ತಿದ್ದರು. ಮಾರುವವನ, ಬರೆಯುವವನ, ಮುದ್ರಿಸುವವನ ಕಿವಿಗಳು ಒಟ್ಟಿಗೆ ಇದ್ದ ಗಿಟಾರ್ ವಾದಕ ತನ್ನ ವಾದ್ಯವನ್ನು ಮೆರೆಸುವ ಆಸೆಯನ್ನು ಬಹು ಬೇಗ ಕಳೆದುಕೊಳ್ಳುತ್ತಾನೆ.

ಮೆರೆಸಬಹುದಾಗಿದ್ದ ಕಡೆ ಅವರು ಏನು ಮಾಡಿದರು ಎಂಬುದಕ್ಕೆ 1967ರ ‘ಸೋಲ್ ಮ್ಯಾನ್’ ಇದೆ. ಐಸಾಕ್ ಹೇಯ್ಸ್ ಮತ್ತು ಡೇವಿಡ್ ಪೋರ್ಟರ್ ಬರೆದ, ಸ್ಯಾಮ್ ಅಂಡ್ ಡೇವ್ ಹಾಡಿದ ರೆಕಾರ್ಡು. ಆರಂಭದಲ್ಲಿ ಗಿಟಾರ್ ಎರಡೆರಡು ತಂತಿಗಳನ್ನು ಒಟ್ಟಿಗೆ ಮೀಟುತ್ತ, ಆರು ಸ್ವರಗಳ ಅಂತರದ ಜೋಡಿಗಳಾಗಿ ಜಾರುತ್ತದೆ. ಆ ಜೋಡಿಗಳ ನಡುವಿನ ತಂತಿ ಸುಮ್ಮನಿರುವುದರಿಂದ ಕಾರ್ಡಿನ ತುಂಬು ಇದ್ದೂ ಕಾರ್ಡಿನ ಭಾರ ಇರುವುದಿಲ್ಲ. ಹಾಡಿನ ನಡುವೆ ಬರುವ ಜಾರುವ ಸ್ವರಗಳಿಗೆ ಅವರು ಬಳಸಿದ್ದು ಜಿಪ್ಪೋ ಸಿಗರೇಟ್ ಲೈಟರ್. ಕೈಗೆ ಸಿಕ್ಕ ಲೋಹ. ಅದು ತಂತಿಯ ಮೇಲೆ ಜಾರಿ, ಒಂದು ಉತ್ತರ ಕೊಟ್ಟು, ತೆಗೆದ ತಕ್ಷಣ ನಿಲ್ಲುತ್ತದೆ. ಆ ಜಾಗದಲ್ಲಿ ಗಾಯಕ ಸ್ಯಾಮ್ ಮೂರ್ ಹಾಡನ್ನು ಬಿಟ್ಟು ಕ್ರಾಪರ್ ಅವರ ಹೆಸರು ಹಿಡಿದು ಕೂಗುತ್ತಾರೆ. ಮೂಕ ಪಾಲುದಾರನೊಬ್ಬನ ಹೆಸರು ಹೀಗೆ ಪ್ಲೇಟಿನ ಒಳಗೇ ಸೇರಿಹೋಯಿತು. ಎರಡು ಸಾಲಿನ ಉತ್ತರಕ್ಕೆ ಸಿಕ್ಕ ಈ ಮನ್ನಣೆ ದೀರ್ಘ ಏಕವಾದನಗಳಿಗೆ ಸಿಕ್ಕಿದ್ದು ಕಡಿಮೆ.

ಈ ಉತ್ತರ ಕೊಡುವ ಕ್ರಮವನ್ನು ಕ್ರಾಪರ್ ತಾವೇ ಕಂಡುಹಿಡಿದವರಲ್ಲ, ಹಾಗೆಂದು ಅವರು ಹೇಳಿಕೊಳ್ಳಲೂ ಇಲ್ಲ. ಅವರ ಗುರುಸ್ಥಾನದಲ್ಲಿದ್ದವರು ‘ಫೈವ್ ರಾಯಲ್ಸ್’ ಎಂಬ ಹಾಡುಗಾರರ ತಂಡದ ಲೋಮನ್ ಪಾಲಿಂಗ್. ಹಾಡಿನ ಸಾಲು ಮುಗಿಯುತ್ತಲೇ ಗಿಟಾರ್‌ನಲ್ಲಿ ಒಂದು ಕಿಡಿ ಹಾರಿಸಿ ಮತ್ತೆ ಹಿಂದೆ ಸರಿಯುವುದು ಪಾಲಿಂಗ್ ಅವರ ರೀತಿ. ಅವರು ಗಿಟಾರನ್ನು ಮೊಣಕಾಲ ತನಕ ಇಳಿಬಿಟ್ಟು ನುಡಿಸುವುದನ್ನು ಕಂಡ ತರುಣ ಕ್ರಾಪರ್ ತಮ್ಮ ಗಿಟಾರ್‌ನ ಹೆಗಲಪಟ್ಟಿಯನ್ನೂ ಉದ್ದ ಮಾಡಿಕೊಂಡರಂತೆ.

1967ರ ನವೆಂಬರ್‌ನಲ್ಲಿ ಓಟಿಸ್ ರೆಡಿಂಗ್ ಮತ್ತು ಕ್ರಾಪರ್ ಸೇರಿ ಬರೆದ ‘ಡಾಕ್ ಆಫ್ ದಿ ಬೇ’ ಮುದ್ರಣವಾಯಿತು. ಅದರ ಕಾರ್ಡುಗಳೆಲ್ಲ ಮೇಜರ್, ದುಃಖದ ಛಾಯೆಯ ಮೈನರ್ ಒಂದೂ ಇಲ್ಲ. ಆದರೂ ಆ ಹಾಡು ಒಂಟಿತನದ್ದು. ಡಿಸೆಂಬರ್ 10ರಂದು ವಿಸ್ಕಾನ್ಸಿನ್‌ನ ಮ್ಯಾಡಿಸನ್ ಬಳಿ ವಿಮಾನ ಸರೋವರಕ್ಕೆ ಬಿದ್ದು ರೆಡಿಂಗ್ ತೀರಿಕೊಂಡರು, ವಯಸ್ಸು 26. ಅವರ ಜೊತೆ ಅವರ ಪಕ್ಕವಾದ್ಯದ ಬಾರ್-ಕೇಸ್ ತಂಡದ ನಾಲ್ವರು ಹುಡುಗರೂ ಹೋದರು. ಹಾಡನ್ನು ಪೂರ್ತಿಗೊಳಿಸುವ ಹೊಣೆ ಕ್ರಾಪರ್ ಮೇಲೆ ಬಿತ್ತು. ಈಗ ಹಲವು ಟ್ರ್ಯಾಕುಗಳ ಯಂತ್ರ ಬಂದಿತ್ತು. ಒಂದು ಪೂರ್ತಿ ವಾದ್ಯಮೇಳವನ್ನೇ ಮೇಲೆ ಹೊದಿಸಬಹುದಿತ್ತು. ಸತ್ತವರ ಹಾಡಿಗೆ ಹಾಗೆ ಮಾಡುವ ಪದ್ಧತಿ ವ್ಯಾಪಾರದಲ್ಲಿ ಇದ್ದೇ ಇದೆ. ಅವರು ಅಲೆಯ ಸದ್ದನ್ನೂ ಕಡಲಹಕ್ಕಿಗಳ ಕೂಗನ್ನೂ ಸೇರಿಸಿದರು, ಸಾಲುಗಳ ನಡುವೆ ಗಿಟಾರ್‌ನ ಕೆಲವು ಮಾತುಗಳನ್ನು ಇಟ್ಟರು. ಆ ಮಾತುಗಳನ್ನು ಗಮನವಿಟ್ಟು ಕೇಳಿ. ಧ್ವನಿ ಟೆಲಿಕಾಸ್ಟರ್‌ನದೇ, ಅದೇ ತೆಳು ಅಂಚು, ಆದರೆ ಏಟು ಹಗುರ. ಪ್ರತಿ ತುಣುಕೂ ರೆಡಿಂಗ್ ಮುಂದಿನ ಸಾಲಿಗೆ ಬಾಯಿ ತೆರೆಯುವ ಮುನ್ನವೇ ಮುಗಿದಿರುತ್ತದೆ. 1968ರ ಜನವರಿಯಲ್ಲಿ ಹೊರಬಂದ ಆ ರೆಕಾರ್ಡು ಮರಣಾನಂತರ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಮೊತ್ತಮೊದಲ ಹಾಡು.

ಕ್ರಾಪರ್ 1970ರಲ್ಲಿ ಸ್ಟ್ಯಾಕ್ಸ್ ಬಿಟ್ಟರು. ಸಂಸ್ಥೆ 1975ರಲ್ಲಿ ದಿವಾಳಿಯಾಯಿತು. 1989ರಲ್ಲಿ ಕಟ್ಟಡವನ್ನು ಕೆಡವಿಹಾಕಿದರು. 2003ರಲ್ಲಿ ಅದೇ ಜಾಗದಲ್ಲಿ ವಸ್ತುಸಂಗ್ರಹಾಲಯ ಕಟ್ಟಿದಾಗ ಸ್ಟುಡಿಯೋವನ್ನು ಇಳಿಜಾರು ನೆಲದ ಸಮೇತ ಮರುರೂಪಿಸಿದರು. ಅಷ್ಟರಲ್ಲಿ ಕ್ರಾಪರ್ ಪೀವಿ ಕಂಪನಿ ತಮ್ಮ ಹೆಸರಿನಲ್ಲೇ ತಯಾರಿಸಿದ ಗಿಟಾರ್‌ಗೆ ಬದಲಾಗಿದ್ದರು. ಹಳೆಯ ಹಾರ್ವರ್ಡ್ ಹುಡುಕಿ ದುಬಾರಿ ಬೆಲೆಗೆ ಕೊಳ್ಳುವ ಅಭಿಮಾನಿಗಳಿಗೆ ಈ ಬದಲಾವಣೆ ನಿರಾಶೆ ತಂದಿರಬಹುದು. ಅವರಿಗೆ ನಾನು ಸೂಚಿಸುವುದು 2011ರ ‘ಡೆಡಿಕೇಟೆಡ್’ ಎಂಬ ಆಲ್ಬಂ ಅನ್ನು. ಪಾಲಿಂಗ್ ಅವರ ತಂಡಕ್ಕೆ ಕ್ರಾಪರ್ ಸಲ್ಲಿಸಿದ ಕಾಣಿಕೆ ಅದು, ಹಲವು ಗಾಯಕರು ಹಾಡಿದ್ದಾರೆ. ಗಿಟಾರ್ ಬೇರೆ, ಕೋಣೆ ಬೇರೆ, ಮುದ್ರಣದ ತಂತ್ರವೇ ಬೇರೆ, ಎಪ್ಪತ್ತರ ಅಂಚಿನ ಕೈ. ನಾದದ ಬಣ್ಣ ಮೆಂಫಿಸ್‌ನದಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಗಾಯಕರ ಸಾಲು ಮುಗಿದ ಕಡೆ ಗಿಟಾರ್ ಬರುತ್ತದೆ, ಹೇಳಬೇಕಾದ್ದನ್ನು ಹೇಳುತ್ತದೆ, ಮತ್ತು 1962ರಲ್ಲಿ ಒಂದೇ ಟ್ರ್ಯಾಕಿನ ಟೇಪಿನ ಮುಂದೆ ಎಲ್ಲಿ ನಿಲ್ಲಿಸುತ್ತಿತ್ತೋ ಅಲ್ಲೇ ನಿಲ್ಲಿಸುತ್ತದೆ.